ಅಪ್ಲೈ ಆಯ್ತು, ಗೇಟ್‌ವೇ ಮಾತ್ರ ಹಳೇದೇ: ತ್ರೀ ಫೇಸ್ ಪ್ರಾಜೆಕ್ಟಿನ ಹೊಸ ಕಂತು

ಕೊನೆಗೂ ದಾರಿಗೆ ಬಂತು. ನಿನ್ನೆ ರಾತ್ರಿ ಓಪನ್‌ಎಪಿಐ ಫೈಲಿನಲ್ಲಿ (ಎಪಿಐ ಹೇಗಿರಬೇಕು ಅಂತ ಬರೆದಿಡುವ ಫೈಲು) ಒಂದು ಸಾಲು ತಿದ್ದಿ ಟೆರಾಫಾರ್ಮ್‌ನಲ್ಲಿ ಅಪ್ಲೈ ಕೊಟ್ಟೆ. ಪಾಂಡವಪುರದ ಹತ್ತಿರ ದೊಡ್ಡಪ್ಪನ ಪಂಪ್‌ಹೌಸಿನಲ್ಲಿರುವ ಡಬ್ಬಿಗೆ ಹೊಸ ಉತ್ತರವೇ ಹೋಯಿತು. ಎಡಬ್ಲ್ಯೂಎಸ್ ಕನ್ಸೋಲ್ ತೆರೆಯಲಿಲ್ಲ, ‘ಡಿಪ್ಲಾಯ್ ಎಪಿಐ’ ಬಟನ್ ಒತ್ತಲಿಲ್ಲ. ಅಪ್ಲೈ ಆದರೂ ಗೇಟ್‌ವೇ ಹಳೇ ಉತ್ತರವನ್ನೇ ಕೊಡುತ್ತಿತ್ತು, ಇಷ್ಟು ದಿನ ತಲೆ ತಿಂದದ್ದು ಇದೊಂದೇ ವಿಷಯ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಡಬ್ಬಿ ಅಂದರೆ ಇಎಸ್‌ಪಿ32 ಅನ್ನುವ ಒಂದು ಪುಟ್ಟ ಕಂಟ್ರೋಲರ್ ಚಿಪ್, ಆರ್, ವೈ, ಬಿ ಮೂರೂ ಫೇಸಿಗೆ ಕರೆಂಟ್ ಇದೆಯೋ ಅಂತ ತಿಳಿಸುವ ಒಂದೊಂದು ಆಪ್ಟೊಕಪ್ಲರ್, ಒಂದು ಸಿಮ್ ಮೋಡೆಮ್. ಕರೆಂಟ್ ಹೋದದ್ದನ್ನೂ ಹೇಳಬೇಕಲ್ಲ, ಅದಕ್ಕೊಂದು 18650 ಸೆಲ್. ಮಂಡ್ಯ ಕಡೆ ರಾತ್ರಿ ಪಾಳಿಯಲ್ಲಿ ಬ್ಯಾಟರಿ ಹಿಡಿದು ಗದ್ದೆಗೆ ಹೋದವರಿಗೆ ಇದರ ಬೆಲೆ ಗೊತ್ತು. ಮೂರರಲ್ಲಿ ಒಂದು ಫೇಸ್ ಇಲ್ಲದೆ ಮೋಟರ್ ಹಾಕಿದರೆ ಗುಂಯ್ ಅಂತ ಸದ್ದು ಮಾಡಿ ವೈಂಡಿಂಗ್ ಸುಟ್ಟುಹೋಗುತ್ತದೆ. ಹೊರಡುವ ಮೊದಲೇ ಮೂರೂ ಫೇಸ್ ಇದೆಯೋ ಇಲ್ಲವೋ ಫೋನಿನಲ್ಲಿ ಕಾಣಬೇಕು ಅನ್ನುವುದೇ ಗುರಿ. ಗೇಟ್‌ವೇ ಅಂದರೆ ಎಡಬ್ಲ್ಯೂಎಸ್‌ನ ಎಪಿಐ ಗೇಟ್‌ವೇ, ಡಬ್ಬಿ ಬಂದು ತಟ್ಟುವ ಬಾಗಿಲು. ಅದನ್ನು ಕಟ್ಟುವುದು ಟೆರಾಫಾರ್ಮ್: ಬೇಕಾದದ್ದನ್ನು ಫೈಲಿನಲ್ಲಿ ಬರೆದರೆ ಏನು ಬದಲಾಗುತ್ತದೆ ಅಂತ ‘ಪ್ಲಾನ್’ ತೋರಿಸುತ್ತದೆ, ‘ಅಪ್ಲೈ’ ಅದನ್ನು ಮಾಡಿಬಿಡುತ್ತದೆ. ಬೆಸುಗೆ, ಲ್ಯಾಂಬ್ಡಾ (ಬಾಗಿಲ ಹಿಂದೆ ಓಡುವ ಕೋಡ್), ಡೈನಮೋಡಿಬಿ (ಮಾಹಿತಿ ಇಡುವ ಜಾಗ) ಎಲ್ಲ ಹಿಂದಿನ ಕಂತುಗಳಲ್ಲಿ ಮುಗಿದಿದೆ.

ಗೇಟ್‌ವೇಯಲ್ಲಿ ರೆಸ್ಟ್ ಎಪಿಐ, ಎಚ್‌ಟಿಟಿಪಿ ಎಪಿಐ ಅಂತ ಬಗೆಗಳಿವೆ. ಎಚ್‌ಟಿಟಿಪಿ ಎಪಿಐ ತಗೊಂಡಿದ್ದರೆ ಆಟೊ ಡಿಪ್ಲಾಯ್ ಇತ್ತಲ್ಲ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಒಂದೊಂದು ಡಬ್ಬಿಗೂ ಬೇರೆ ಬೇರೆ ಎಪಿಐ ಕೀ (ಡಬ್ಬಿಯ ಗುರುತಿನ ಗುಟ್ಟು) ಬೇಕು, ಆ ಕೀಗೆ ಮಿತಿ ಹಾಕುವ ಯೂಸೇಜ್ ಪ್ಲಾನ್ ಬೇಕು. ಅವು ಇರುವುದು ರೆಸ್ಟ್ ಎಪಿಐನಲ್ಲಿ. ಒಬ್ಬರ ಡಬ್ಬಿ ಕೆಟ್ಟು ಬಡಬಡ ಬಡಿದುಕೊಂಡರೆ ಅದರ ಕೀ ಒಂದನ್ನೇ ನಿಲ್ಲಿಸುವ ಅನುಕೂಲ ಬಿಡುವಂಥದ್ದಲ್ಲ.

ಶುರುವಾದದ್ದು ದೊಡ್ಡಪ್ಪನ ಒಂದು ಪ್ರಶ್ನೆಯಿಂದ. “ಈಗ ಬಂದೈತೆ ಅಂತ ಹೇಳ್ತದೆ ಸರಿ ಕಣ್ ಮಗ, ನಿನ್ನೆ ಎಷ್ಟೊತ್ತು ಇತ್ತು ಅಂತ ಹೇಳಕಿಲ್ವಾ?” ನ್ಯಾಯವಾದ ಪ್ರಶ್ನೆ. ‘ಹಿಸ್ಟರಿ’ ಅಂತ ಹೊಸ ಪಾತ್, ಅಂದರೆ ಎಪಿಐನಲ್ಲಿ ಹೊಸ ವಿಳಾಸ, ಬರೆದೆ. ರಿಸೋರ್ಸ್, ಮೆಥಡ್, ಇಂಟಿಗ್ರೇಶನ್ (ಪಾತ್‌ನ್ನು ಲ್ಯಾಂಬ್ಡಾಗೆ ಜೋಡಿಸುವ ಕೊಂಡಿ), ಲ್ಯಾಂಬ್ಡಾ ಪರ್ಮಿಶನ್, ಎಲ್ಲ ಟೆರಾಫಾರ್ಮ್‌ನಲ್ಲೇ. ಅಪ್ಲೈ ಹಸಿರು. ಕರ್ಲ್ ಕಮಾಂಡಿನಿಂದ ಆ ಪಾತ್‌ಗೆ ರಿಕ್ವೆಸ್ಟ್ ಹೊಡೆದರೆ 403 (ಪ್ರವೇಶವಿಲ್ಲ ಅನ್ನುವ ಕೋಡ್), ‘ಮಿಸ್ಸಿಂಗ್ ಅಥೆಂಟಿಕೇಶನ್ ಟೋಕನ್’.

ಈ ಸಂದೇಶದ ಮೇಲೆ ನನಗೆ ನಿಜವಾಗಲೂ ಸಿಟ್ಟಿದೆ. ಟೋಕನ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಆ ಸ್ಟೇಜಿನಲ್ಲಿ (ಹೊರಗಿನವರಿಗೆ ತೆರೆದಿಟ್ಟ ಎಪಿಐ ಪ್ರತಿಯಲ್ಲಿ) ಅಂಥ ಪಾತ್ ಅಥವಾ ಮೆಥಡ್ ಇಲ್ಲ ಅನ್ನುವುದನ್ನೇ ಗೇಟ್‌ವೇ ಹೀಗೆ ಹೇಳುತ್ತದೆ. ಕೀ ಕಳಿಸದೇ ಇದ್ದರೆ ಬರುವುದೂ 403ನೇ, ಆದರೆ ಅದರಲ್ಲಿ ‘ಫರ್ಬಿಡನ್’ ಅಂತಷ್ಟೇ ಇರುತ್ತದೆ. ಎರಡರ ವ್ಯತ್ಯಾಸ ತಿಳಿದುಕೊಂಡರೆ ಅರ್ಧ ರಾತ್ರಿಯ ನಿದ್ದೆ ಉಳಿಯುತ್ತದೆ. ಇನ್ನೂ ದಾರಿ ತಪ್ಪಿಸುವುದು ಕನ್ಸೋಲಿನ ಟೆಸ್ಟ್ ಬಟನ್. ಅಲ್ಲಿ ಒತ್ತಿದರೆ 200 (ಎಲ್ಲ ಸರಿ ಅಂತ), ನಿನ್ನೆಯ ಗಂಟೆಗಳೆಲ್ಲ ಸರಿಯಾಗಿ ಕಾಣುತ್ತವೆ. ಏಕೆಂದರೆ ಟೆಸ್ಟ್ ಹೋಗುವುದು ಈಗಿರುವ ವಿನ್ಯಾಸಕ್ಕೆ, ಹೊರಗಿನಿಂದ ಬರುವ ರಿಕ್ವೆಸ್ಟ್ ಹೋಗುವುದು ಸ್ಟೇಜಿಗೆ. ಸ್ಟೇಜ್ ತೋರಿಸುವುದು ಒಂದು ಡಿಪ್ಲಾಯ್‌ಮೆಂಟನ್ನು, ಡಿಪ್ಲಾಯ್‌ಮೆಂಟ್ ಅಂದರೆ ಆವತ್ತಿನ ಸ್ಥಿತಿಯ ನಕಲು. ಗದ್ದೆಯಲ್ಲಿ ಕಬ್ಬು ನಿಂತಿದ್ದರೂ ಹಳೇ ಪಹಣಿಯಲ್ಲಿ ಭತ್ತ ಅಂತಲೇ ಇರುತ್ತದಲ್ಲ, ಹಾಗೆ.

ಟೆರಾಫಾರ್ಮ್‌ಗೆ ಇದು ತಾನಾಗಿ ತಿಳಿಯುವುದಿಲ್ಲ. ಡಿಪ್ಲಾಯ್‌ಮೆಂಟ್ ಅದರ ಕಣ್ಣಿಗೆ ಬೇರೆಯೇ ರಿಸೋರ್ಸ್. ಅದರ ಸಾಲುಗಳು ಬದಲಾಗಿಲ್ಲ ಅಂದರೆ ಮುಟ್ಟುವುದಿಲ್ಲ. ಮತ್ತೆ ಪ್ಲಾನ್ ಕೊಟ್ಟರೆ ‘ನೋ ಚೇಂಜಸ್’. ಅದಕ್ಕೆಂದೇ ಟ್ರಿಗರ್ಸ್ ಇದೆ: ರಿಸೋರ್ಸ್, ಮೆಥಡ್, ಇಂಟಿಗ್ರೇಶನ್‌ಗಳನ್ನು ಜೇಸನ್‌ಎನ್‌ಕೋಡ್ ಮಾಡಿ (ಒಂದೇ ಪಠ್ಯವಾಗಿಸಿ), ಎಸ್‌ಎಚ್‌ಎ1 ಹ್ಯಾಶ್, ಅಂದರೆ ಆ ಪಠ್ಯದ ಬೆರಳಚ್ಚು, ತೆಗೆದು ಅಲ್ಲಿ ಇಡುವುದು. ಹ್ಯಾಶ್ ಬದಲಾದರೆ ಡಿಪ್ಲಾಯ್‌ಮೆಂಟೂ ಹೊಸದಾಗುತ್ತದೆ. ಅದು ಹೊಸದಾಗುವಾಗ ಟೆರಾಫಾರ್ಮ್ ಮೊದಲು ಹಳೆಯದನ್ನು ಅಳಿಸಲು ಹೋಗುತ್ತದೆ. ಸ್ಟೇಜ್ ಇನ್ನೂ ಅದನ್ನೇ ಹಿಡಿದಿದೆ, ಆಗುವುದಿಲ್ಲ ಅಂತ ಗೇಟ್‌ವೇ ತಡೆಯುತ್ತದೆ. ಕ್ರಿಯೇಟ್ ಬಿಫೋರ್ ಡಿಸ್ಟ್ರಾಯ್ ಹಾಕಿದರೆ ಹೊಸದು ಹುಟ್ಟಿ, ಸ್ಟೇಜ್ ಅದಕ್ಕೆ ತಿರುಗಿ, ಆಮೇಲೆ ಹಳೆಯದು ಹೋಗುತ್ತದೆ. ಇಷ್ಟು ನಿಮಗೆಲ್ಲ ಗೊತ್ತಿರುವುದೇ. ಹಿಸ್ಟರಿ ಕೆಲಸ ಮಾಡಿತು, ದೊಡ್ಡಪ್ಪ ಖುಷಿ.

ಹಠ ಹಿಡಿದದ್ದು ಇದರ ನಂತರ. ಇಂಟಿಗ್ರೇಶನ್ ಟೈಮ್‌ಔಟನ್ನು (ಉತ್ತರಕ್ಕೆ ಕಾಯುವ ಹೊತ್ತು) 29 ಸೆಕೆಂಡಿನಿಂದ 5ಕ್ಕೆ ಇಳಿಸಿದೆ. ಪ್ಲಾನ್‌ನಲ್ಲಿ ಆ ಬದಲಾವಣೆ ಕಂಡಿತು, ಅಪ್ಲೈ ಆಯಿತು, ಸ್ಟೇಜಿನಲ್ಲಿ ಮಾತ್ರ ಹಳೇ 29. ಕಾರಣ, ಎಲ್ಲ ಕಡೆ ಸಿಗುವ ಮಾದರಿಯಲ್ಲಿ ಹ್ಯಾಶ್‌ಗೆ ಕೊಡುವುದು ಐಡಿಗಳನ್ನು ಮಾತ್ರ. ಟೈಮ್‌ಔಟ್ ಬದಲಾದರೆ ಇಂಟಿಗ್ರೇಶನ್‌ನ ಐಡಿ ಬದಲಾಗುವುದಿಲ್ಲ, ಹ್ಯಾಶೂ ಬದಲಾಗುವುದಿಲ್ಲ. ಐಡಿ ಬಿಟ್ಟು ಇಡೀ ರಿಸೋರ್ಸನ್ನೇ ಕೊಟ್ಟರೆ ಇದು ಸರಿಹೋಗುತ್ತದೆ. ಮೊದಲ ಅಪ್ಲೈ ಆದಮೇಲೆ ಒಮ್ಮೆ ಸುಮ್ಮನೆ ವ್ಯತ್ಯಾಸ ತೋರಿಸುತ್ತದೆ, ಆಮೇಲೆ ತಣ್ಣಗಾಗುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ಫೀಡರಿಗೆ ತ್ರೀ ಫೇಸ್ ಬಂದ ಕ್ಷಣ ಆ ಲೈನಿನ ಡಬ್ಬಿಗಳೆಲ್ಲ ಒಟ್ಟಿಗೇ ಬಾಯಿ ತೆರೆಯುತ್ತವೆ. ಬಿಲ್ ಕೈಮೀರದಿರಲಿ ಅಂತ ಸ್ಟೇಜಿಗೆ ಸೆಕೆಂಡಿಗೆ 5 ರಿಕ್ವೆಸ್ಟಿನ ಮಿತಿ ಇಟ್ಟಿದ್ದೇನೆ. ಹಾಗಾಗಿ ಕೆಲವಕ್ಕೆ 429, ಅಂದರೆ ಮಿತಿ ಮೀರಿತು ಅನ್ನುವ ಉತ್ತರ. ಆ ಉತ್ತರದ ಒಳಗೇ ‘ಇಷ್ಟು ಸೆಕೆಂಡ್ ಕಾಯಿ’ ಅಂತ ಒಂದು ಸಂಖ್ಯೆ ಇಟ್ಟರೆ ಡಬ್ಬಿ ಅದನ್ನು ಓದಿ, ಸ್ವಲ್ಪ ಹಿಂದೆ ಮುಂದೆ ಮಾಡಿಕೊಂಡು ಮತ್ತೆ ಕಳಿಸುತ್ತದೆ. ಇದಕ್ಕೆ ಗೇಟ್‌ವೇ ರೆಸ್ಪಾನ್ಸ್ (ಗೇಟ್‌ವೇ ತಾನೇ ಕೊಡುವ ಉತ್ತರ) ಬರೆದೆ. ಅಪ್ಲೈ ಹಸಿರು, ಡಬ್ಬಿಗೆ ಹೋಗುವುದು ಹಳೇ ಸಂದೇಶ. ಹ್ಯಾಶ್ ಕಾಯುವುದು ಪಟ್ಟಿಗೆ ಸೇರಿಸಿದ್ದನ್ನಷ್ಟೇ. ಹೊಸ ಜಾತಿಯ ರಿಸೋರ್ಸ್ ಬಂದಾಗಲೆಲ್ಲ ಪಟ್ಟಿ ಬೆಳೆಸುತ್ತಿರಬೇಕು. ಆ ಸಂಜೆ ದೊಡ್ಡಪ್ಪನ ಫೋನಿನಲ್ಲಿ ಸ್ಥಿತಿ ತಡವಾಗಿ ಬಂತು. “ಲೈನ್‌ಮ್ಯಾನ್ ಆದ್ರೂ ಫೋನ್ ತೆಗೀತಾನೆ, ನಿನ್ ಗೇಟ್ ತೆಗೆಯಾಕಿಲ್ವಲ್ಲೋ” ಅಂದರು. ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ.

ಪಟ್ಟಿಯನ್ನೇ ಕಿತ್ತುಹಾಕಿದ್ದು ಅಲ್ಲಿಂದ ಮುಂದೆ. ಬಿಡಿ ಬಿಡಿ ರಿಸೋರ್ಸ್‌ಗಳನ್ನೆಲ್ಲ ತೆಗೆದು ಪಾತ್, ಇಂಟಿಗ್ರೇಶನ್, ಗೇಟ್‌ವೇ ರೆಸ್ಪಾನ್ಸ್ ಎಲ್ಲವನ್ನೂ ಯಾಮಲ್ ರೂಪದ ಒಂದೇ ಓಪನ್‌ಎಪಿಐ ಫೈಲಿಗೆ ತಂದೆ. ಅದು ರೆಸ್ಟ್ ಎಪಿಐನ ಬಾಡಿಗೆ ಹೋಗುತ್ತದೆ, ಹ್ಯಾಶ್ ಆ ಬಾಡಿಯದ್ದೇ. ಈಗ ಫೈಲಿನಲ್ಲಿ ಇಲ್ಲದ್ದು ಗೇಟ್‌ವೇಯಲ್ಲೂ ಇಲ್ಲ, ಇರುವುದೆಲ್ಲ ಹ್ಯಾಶ್‌ನಲ್ಲೂ ಇದೆ. ಒಂದು ಎಚ್ಚರ: ಅರ್ಧ ಬಾಡಿಯಲ್ಲಿ, ಅರ್ಧ ಬಿಡಿ ರಿಸೋರ್ಸಿನಲ್ಲಿ ಇಡಬೇಡಿ. ಬಾಡಿ ಸಹಜವಾಗಿ ಓವರ್‌ರೈಟ್ ಮೋಡಿನಲ್ಲಿ ಹೋಗುವುದರಿಂದ ಹೊರಗಿಟ್ಟದ್ದನ್ನು ಒರೆಸಿಹಾಕಬಹುದು.

ನನಗೆ ತುಂಬಾ ಇಷ್ಟವಾದ ತುಣುಕು ಇದು. ಯಾಮಲ್ ಫೈಲನ್ನು ಹಾಗೇ ಪಠ್ಯವಾಗಿ ಕೊಟ್ಟರೆ ಒಂದು ಕಾಮೆಂಟ್ ತಿದ್ದಿದರೂ ಹ್ಯಾಶ್ ಬದಲಾಗಿ ಡಿಪ್ಲಾಯ್ ಆಗುತ್ತದೆ. ಟೆರಾಫಾರ್ಮ್‌ನ ಫಂಕ್ಷನ್‌ಗಳಲ್ಲಿ ಮೊದಲು ಟೆಂಪ್ಲೇಟ್‌ಫೈಲ್, ಅದರ ಮೇಲೆ ಯಾಮಲ್‌ಡಿಕೋಡ್, ಅದರ ಮೇಲೆ ಜೇಸನ್‌ಎನ್‌ಕೋಡ್ ಹಾಕಿದರೆ ಕಾಮೆಂಟು, ಖಾಲಿ ಸಾಲು ಎಲ್ಲ ಉದುರಿಹೋಗುತ್ತವೆ, ಕೀಗಳು ಅಕ್ಷರಕ್ರಮದಲ್ಲಿ ಕೂರುತ್ತವೆ. ಫೈಲಿನಲ್ಲಿ ಕನ್ನಡದಲ್ಲೇ ಉದ್ದುದ್ದ ಟಿಪ್ಪಣಿ ಬರೆದುಕೊಂಡಿದ್ದೇನೆ, ಗೇಟ್‌ವೇ ಅಲುಗಾಡುವುದಿಲ್ಲ. ಅರ್ಥ ಬದಲಾದಾಗ ಮಾತ್ರ ಪ್ಲಾನ್‌ನಲ್ಲಿ ಡಿಪ್ಲಾಯ್‌ಮೆಂಟ್ ಕಾಣುತ್ತದೆ. ಇದು ಎಷ್ಟು ನೆಮ್ಮದಿ ಅಂತ ಅನುಭವಿಸಿದವರಿಗೇ ಗೊತ್ತು.

ಮುಂದಿನ ಕೆಲಸ ಓಪನ್‌ಟೋಫುಗೆ, ಅಂದರೆ ಟೆರಾಫಾರ್ಮ್‌ನಿಂದ ಕವಲೊಡೆದ ಓಪನ್ ಸೋರ್ಸ್ ಸಾಧನಕ್ಕೆ, ಹೋಗುವುದು. 2023ರ ಆಗಸ್ಟಿನಲ್ಲಿ ಟೆರಾಫಾರ್ಮ್ ಪರವಾನಗಿ ಬದಲಾದದ್ದೂ ಕಾರಣವೇ, ಆದರೆ ನನ್ನನ್ನು ಎಳೆಯುತ್ತಿರುವುದು 2024ರಲ್ಲಿ ಅದರ 1.7 ಆವೃತ್ತಿಯಲ್ಲಿ ಬಂದ ಸ್ಟೇಟ್ ಎನ್‌ಕ್ರಿಪ್ಶನ್, ಅಂದರೆ ಏನೇನು ಕಟ್ಟಿದೆ ಅಂತ ಬರೆದಿಡುವ ಸ್ಟೇಟ್ ಫೈಲಿಗೆ ಬೀಗ. ಎಪಿಐ ಕೀಗಳೆಲ್ಲ ಸ್ಟೇಟ್ ಫೈಲಿನಲ್ಲಿ ಬಿಚ್ಚಿಟ್ಟ ಹಾಗೇ ಬಿದ್ದಿವೆ. ಅವು ನನ್ನವಲ್ಲ, ಊರಿನವರ ಡಬ್ಬಿಗಳವು.

ಅದಕ್ಕೂ ಮೊದಲು ನಾಲೆ ಕರೆಯುತ್ತಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ನಮ್ಮ ಉಪನಾಲೆಗೆ ಯಾವಾಗ ಮುಟ್ಟಿತು ಅನ್ನುವುದನ್ನೂ ಇದೇ ಗೇಟ್‌ವೇಗೆ ಕಳಿಸಬೇಕು. ಅಲ್ಲಿ ಮೊಬೈಲ್ ಸಿಗ್ನಲ್ ಸರಿಯಿಲ್ಲ, ಹಾಗಾಗಿ 865–867 ಮೆಗಾಹರ್ಟ್ಸ್‌ನ ಲೋರಾ, ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ರೇಡಿಯೋ. ನೀರಿನ ಮಟ್ಟಕ್ಕೆ, ಸದ್ದಿನಿಂದ ದೂರ ಅಳೆಯುವ ಜೆಎಸ್‌ಎನ್-ಎಸ್‌ಆರ್04ಟಿ ಸೆನ್ಸರ್ ಹೇಳಿದ್ದೆ, ವೈರಿನ ತುದಿಯಲ್ಲಿ ಒಂದೇ ಕಣ್ಣು, ನೀರು ಬಿದ್ದರೂ ತಡೆಯುವಂಥದ್ದು. ಅಂಗಡಿಯವರು ಕಳಿಸಿದ್ದು ಎರಡು ಕಣ್ಣಿನ ಎಚ್‌ಸಿ-ಎಸ್‌ಆರ್04. ಒಂದು ಮಳೆಗೆ ಮುಗಿಯಿತು ಅದರ ಆಯುಷ್ಯ. ವಾಪಸ್ ತಗೊಳ್ಳಿ ಅಂದರೆ “ಎರಡೂ ದೂರಾನೇ ಅಳೆಯೋದಲ್ವಾ ಸಾರ್” ಅನ್ನುತ್ತಾರೆ. ಬಿಲ್‌ನಲ್ಲಿ ಮಾಡೆಲ್ ನಂಬರ್ ಬರೆಸಿಕೊಳ್ಳದೆ ಯಾರೂ ದುಡ್ಡು ಕೊಡಬೇಡಿ.

ಎದೆಯೆತ್ತರದ ಕಬ್ಬಿನ ನಡುವೆ ಲೋರಾ ಹಾಕಿ ನೋಡಿದವರಿದ್ದರೆ ಆಂಟೆನಾ ಎಷ್ಟು ಎತ್ತರಕ್ಕೆ ಕಟ್ಟಿದಿರಿ, ಎಷ್ಟು ದೂರ ಸಿಕ್ಕಿತು ತಿಳಿಸಿ. ಕಂಬ ನಿಲ್ಲಿಸುವ ಮೊದಲೇ ಗೊತ್ತಾದರೆ ಒಳ್ಳೆಯದು.