ಗುಂಡಿಗೆ ಟೇಪ್ ಸುತ್ತಿದ್ದು ಯಾಕೆ?

ಲೋಹದ ಶೀಟನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್ಸಿಗೆ ಎರಡು ಗುಂಡಿ ಇಡುವುದು ಕೈಗಳನ್ನು ಕಾಯಲಿಕ್ಕೆ. ಎರಡನ್ನೂ ಒತ್ತಿದರೆ ಮಾತ್ರ ಪ್ರೆಸ್ ಏಟು ಹಾಕುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಡೈ, ಅಂದರೆ ಅಚ್ಚಿನ ಒಳಗೆ ಕೈ ಇರುವುದಿಲ್ಲ. ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತಿದ್ದ ಕಾರ್ಖಾನೆಯ ಹಳೆಯ ಪ್ರೆಸ್ಸೊಂದರಲ್ಲಿ ಎಡಗಡೆಯ ಗುಂಡಿಯನ್ನು ಒತ್ತಿ, ಅದು ಮೇಲೇಳದಂತೆ ಇನ್ಸುಲೇಷನ್ ಟೇಪ್ ಸುತ್ತಿಬಿಟ್ಟಿದ್ದರು. ಅದು ಬಯಲಾದದ್ದು, ರಾತ್ರಿ ಪಾಳಿಯ ಹುಡುಗನೊಬ್ಬನ ಗ್ಲೌಸ್ ಡೈಗೆ ಸಿಕ್ಕಿದಾಗ.

ಬೆರಳು ಉಳಿದಿತ್ತು. ಗ್ಲೌಸನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ನಡುಬೆರಳಿನ ತುದಿ ಕಾಗದದಷ್ಟು ತೆಳ್ಳಗಾಗಿತ್ತು. ಅದರ ಮೇಲೆ ಡೈಯ ಅಂಚಿನ ಗೆರೆ ನೀಟಾಗಿ ಅಚ್ಚೊತ್ತಿತ್ತು.

ಬೆಳಿಗ್ಗೆ ಎಲ್ಲರನ್ನೂ ಸೇರಿಸಿ ಮ್ಯಾನೇಜರ್ ಕೇಳಿದರು: "ಟೇಪ್ ಸುತ್ತಿದ್ದು ಯಾರು?" ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ನಮ್ಮ ಹಿರಿಯ ಫಿಟ್ಟರ್, "ಯಾರು ಅನ್ನೋದು ಆಮೇಲಿರಲಿ ಸಾರ್. ಯಾಕೆ ಸುತ್ತಿದ್ರು ಅಂತ ಮೊದಲು ಕೇಳಿ" ಅಂದರು. ಆಮೇಲೆ ಹುಡುಗನ ಕಡೆ ತಿರುಗಿ, "ಹೇಳಪ್ಪ, ಹೆದರಬೇಡ."

ಅವನು ಹೇಳಿದ. ಪೀಸು ಕೆಳಗಿನ ಡೈಗೆ ಕಚ್ಚಿಕೊಳ್ಳುತ್ತದೆ. ಪ್ರತಿ ಸಲ ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಎಬ್ಬಿಸಬೇಕು, ಅದನ್ನು ಕೆಳಗಿಟ್ಟು ಎರಡೂ ಗುಂಡಿ ಒತ್ತಬೇಕು. ಹಾಗೆ ಮಾಡಿದರೆ ಪಾಳಿ ಮುಗಿಯುವಷ್ಟರಲ್ಲಿ ಲೆಕ್ಕ ತುಂಬುವುದಿಲ್ಲ, ಬೈಗುಳ ತಪ್ಪುವುದಿಲ್ಲ. ಟೇಪ್ ಸುತ್ತಿದರೆ ಬಲಗೈ ಒಂದೇ ಸಾಕು. ಅವತ್ತು ಎಡಗೈ ಹೊರಬರುವ ಮೊದಲೇ ಬಲಗೈ ಒತ್ತಿತ್ತು.

ಡೈ ಬಿಚ್ಚಿ ನೋಡಿದರೆ ಪೀಸನ್ನು ಮೇಲಕ್ಕೆ ತಳ್ಳುವ ಪಿನ್ನುಗಳ ಸ್ಪ್ರಿಂಗ್ ಮುರಿದಿದ್ದವು. ಬದಲಾಯಿಸಿದೆವು. ಪೀಸು ಎತ್ತಲು ಉದ್ದ ಹಿಡಿಯ ಆಯಸ್ಕಾಂತ ಕೊಟ್ಟೆವು. ಗುಂಡಿಗಳ ಸರ್ಕ್ಯೂಟನ್ನೂ ಬದಲಿಸಿದೆವು: ಈಗ ಅರ್ಧ ಸೆಕೆಂಡಿನೊಳಗೆ ಎರಡನ್ನೂ ಒಟ್ಟಿಗೆ ಒತ್ತಬೇಕು, ಪ್ರತಿ ಏಟಿನ ನಂತರ ಎರಡನ್ನೂ ಬಿಡಬೇಕು. ಒಂದಕ್ಕೆ ಟೇಪ್ ಸುತ್ತಿದರೆ ಪ್ರೆಸ್ ಅಲುಗುವುದೇ ಇಲ್ಲ. ಪೀಸು ಕಚ್ಚುವುದು ನಿಂತ ಮೇಲೆ ಲೆಕ್ಕವೂ ತಾನಾಗಿ ತುಂಬತೊಡಗಿತು.

ಸುರಕ್ಷತೆಯ ತರಬೇತಿಗಳಲ್ಲಿ ಹೈನ್‌ರಿಚ್ ಹೆಸರು ಬಂದೇ ಬರುತ್ತದೆ. ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, ಗಾಯವೇ ಆಗದ 300 ಘಟನೆ ಇರುತ್ತವೆ ಎಂದು ಅಮೆರಿಕದ ಈ ವಿಮಾ ಕಂಪನಿಯ ಅಧಿಕಾರಿ 1931ರಲ್ಲಿ ಬರೆದ. ಆ ಅಂಕಿಗಳನ್ನು ಆಮೇಲೆ ಅನೇಕರು ಪ್ರಶ್ನಿಸಿದ್ದಾರೆ. ಆದರೆ ಗಾಯವಾಗದ ಘಟನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಾನು ಒಪ್ಪದಿರುವುದು ಅವನದೇ ಇನ್ನೊಂದು ಮಾತನ್ನು: ಶೇ. 88ರಷ್ಟು ಅಪಘಾತಗಳಿಗೆ ಕೆಲಸಗಾರರ ಅಸುರಕ್ಷಿತ ವರ್ತನೆಯೇ ಕಾರಣವೆಂದು ಅವನು ಹೇಳಿದ್ದ. ನಮ್ಮ ಹುಡುಗನ ಕೇಸನ್ನೂ ಆ ಖಾತೆಗೆ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆಗ ಸ್ಪ್ರಿಂಗ್ ಮುರಿದೇ ಇರುತ್ತಿತ್ತು, ಮುಂದಿನವನೂ ಟೇಪ್ ಹುಡುಕುತ್ತಿದ್ದ.

ಹೆಲ್ಮೆಟ್, ಗ್ಲೌಸ್ ಬೇಡವೆಂದಲ್ಲ. ಆದರೆ ಅಪಾಯ ತಡೆಯುವ ಕ್ರಮಗಳಲ್ಲಿ ಅವು ಕೊನೆಯವು. ಅಪಾಯವನ್ನೇ ತೆಗೆದುಹಾಕುವುದು, ಆಗದಿದ್ದರೆ ಕಡಿಮೆ ಅಪಾಯದ ವಸ್ತು ಅಥವಾ ವಿಧಾನಕ್ಕೆ ಬದಲಾಯಿಸುವುದು, ಯಂತ್ರಕ್ಕೆ ಗಾರ್ಡ್ ಹಾಕುವುದು, ಕೆಲಸದ ಕ್ರಮ ತಿದ್ದುವುದು, ಇಷ್ಟೆಲ್ಲ ಆದ ಮೇಲೆ ಗ್ಲೌಸಿನ ಮಾತು. ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಕೆಲಸಗಾರರ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಹಕ್ಕು ಎಂದ ಮೇಲೆ "ಸ್ಪ್ರಿಂಗ್ ಮುರಿದಿದೆ, ನೋಡಿ" ಎಂದವನನ್ನು ಗದರಿಸುವಂತಿಲ್ಲ.

ಆ ಪ್ರೆಸ್ಸಿನ ಕೆಲಸ ಇನ್ನೂ ಮುಗಿದಿಲ್ಲ. ಎರಡು ಗುಂಡಿ ಕಾಯುವುದು ಒತ್ತುವವನ ಕೈಗಳನ್ನು ಮಾತ್ರ. ದೊಡ್ಡ ಶೀಟು ಬಂದಾಗ ಪಕ್ಕದಲ್ಲಿ ಹಿಡಿದು ನಿಲ್ಲುವ ಸಹಾಯಕನ ಕೈಗೆ ಅದರಿಂದ ರಕ್ಷಣೆಯಿಲ್ಲ. ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಲೈಟ್ ಕರ್ಟನ್ ಹಾಕಿಸಿ ಎಂದು ಬರೆದು ಕೊಟ್ಟಿದ್ದೇನೆ. ಅದು ಬರುವವರೆಗೆ ಆ ಪ್ರೆಸ್ಸಿಗೆ ದೊಡ್ಡ ಶೀಟು ಹಾಕಬಾರದು ಎಂದೂ ಅದರಲ್ಲೇ ಬರೆದಿದ್ದೇನೆ.