ಅಯಾನ್ ದಾಟಿಸೋ ಹಾಳೆ, ಪಾವಗಡದ ನೀರು

ಪಾವಗಡ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ನಮ್ಮ ತುಮಕೂರು ಜಿಲ್ಲೆಯಲ್ಲಿ ಎಲ್ರಿಗೂ ಗೊತ್ತಿರೋದೇ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ನಿಯಮ, ದಾಟಿರೋ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಊರೂರಿಗೂ ಆರ್‌ಓ ಘಟಕ ಬಂತು, ಕಾಯಿನ್ ಹಾಕಿದ್ರೆ ಕ್ಯಾನ್ ತುಂಬುತ್ತೆ, ಒಳ್ಳೇದೇ ಆಯ್ತು, ಆದ್ರೆ ಘಟಕದ ಹಿಂದೆ ಹೋಗಿ ಚರಂಡಿಗೆ ಹರಿಯೋ ನೀರನ್ನ ಒಂದ್ಸಲ ನೋಡಿ, ಅಷ್ಟು ಆಳದಿಂದ ಎತ್ತಿದ ನೀರು ಅದು.

ಆರ್‌ಓದಲ್ಲಿ ಪಂಪಿನ ಪ್ರೆಷರಿಂದ ನೀರನ್ನೇ ಮೆಂಬ್ರೇನ್ ಅನ್ನೋ ತೆಳು ಹಾಳೆ ದಾಟಿಸ್ತಾರೆ. ಎಲೆಕ್ಟ್ರೋಡಯಾಲಿಸಿಸ್ ಅಂತ ಇನ್ನೊಂದು ವಿಧಾನ ಇದೆ, ಅದ್ರಲ್ಲಿ ಡಿಸಿ ಕರೆಂಟ್ (ಒಂದೇ ದಿಕ್ಕಿಗೆ ಹರಿಯೋದು) ಕೊಟ್ರೆ ಅಯಾನ್‌ಗಳು, ಅಂದ್ರೆ ನೀರಲ್ಲಿ ಕರಗಿರೋ ಉಪ್ಪಿನ ಪ್ಲಸ್, ಮೈನಸ್ ಚಾರ್ಜ್ ಇರೋ ಕಣಗಳು ಮಾತ್ರ ಹಾಳೆ ದಾಟಿ ಹೋಗ್ತವೆ, ನೀರು ಈ ಕಡೆಯೇ ಉಳಿಯುತ್ತೆ. ಉಪ್ಪು ತೀರಾ ಜಾಸ್ತಿ ಇಲ್ಲದ ನೀರಿಗೆ ಇದ್ರಲ್ಲಿ ಪೋಲಾಗೋದು ಕಮ್ಮಿ. ಬ್ಯಾಕ್ಟೀರಿಯಾ ಹೋಗಲ್ಲ, ಅದಕ್ಕೆ ಯುವಿ ಬೇರೆ ಬೇಕು. ಆ ಅಯಾನ್ ದಾಟಿಸೋ ಹಾಳೆ ಮಾಡೋದೇ ಲ್ಯಾಬಲ್ಲಿ ನನ್ನ ಕೆಲಸ.

ಪೀಕ್ ಅಂತ ಒಂದು ಗಟ್ಟಿ ಪ್ಲಾಸ್ಟಿಕ್. ಅದನ್ನ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್‌ಗೆ ಹಾಕಿ ಹದವಾಗಿ ಬಿಸಿ ಮಾಡ್ತಾ ಗಂಟೆಗಟ್ಟಲೆ ತಿರುಗಿಸ್ತಾ ಇದ್ರೆ ಕರಗಿ ಕೆಂಪಗಾಗುತ್ತೆ, ಆಮೇಲೆ ಐಸ್ ಹಾಕಿದ ನೀರಿಗೆ ಸಣ್ಣಗೆ ಧಾರೆ ಬಿಟ್ರೆ ಬಿಳೀ ಶಾವಿಗೆ ಥರ ಎಳೆಎಳೆಯಾಗಿ ಬೀಳುತ್ತೆ. ಪಿಹೆಚ್ ಪೇಪರ್ ಕೆಂಪಾಗೋದು ನಿಲ್ಲೋವರೆಗೂ ತೊಳೀತಾನೇ ಇರ್ಬೇಕು. ಒಣಗಿಸಿ, ಸಾಲ್ವೆಂಟಲ್ಲಿ ಕರಗಿಸಿ, ಗಾಜಿನ ಪ್ಲೇಟ್ ಮೇಲೆ ಬ್ಲೇಡಲ್ಲಿ ತೆಳ್ಳಗೆ ಎಳೆದು ಓವನ್‌ಗೆ. ಪ್ಲೇಟ್ ಒಂಚೂರು ಓರೆ ಇದ್ರೂ ಒಂದು ಕಡೆ ದಪ್ಪ ಆಗಿಬಿಡುತ್ತೆ, ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಹಾಳೆ ಮಂಜು ಮಂಜಾಗೋದೂ ಉಂಟು. ಕೊನೇಗೆ ಪ್ಲೇಟ್ ಸಮೇತ ನೀರಲ್ಲಿ ಮುಳುಗಿಸಿದ್ರೆ ಅಂಚು ಬಿಟ್ಕೊಂಡು ಹಾಳೆ ತಾನಾಗೇ ಮೇಲೇಳುತ್ತೆ, ಎಷ್ಟು ಸಲ ನೋಡಿದ್ರೂ ಖುಷಿ ಕೊಡೋ ಕ್ಷಣ ಅದು.

ನನ್ನ ಪ್ರಕಾರ ಇಡೀ ಕೆಲಸದ ಗುಟ್ಟಿರೋದು ಆಸಿಡಲ್ಲಿ ಎಷ್ಟೊತ್ತು ಬಿಡ್ತೀವಿ ಅನ್ನೋದ್ರಲ್ಲಿ. ಜಾಸ್ತಿ ಬಿಟ್ರೆ ಅಯಾನ್ ದಾಟೋಕೆ ದಾರಿ ಮಾಡೋ ಸಲ್ಫೋನಿಕ್ ಗುಂಪು ಪ್ಲಾಸ್ಟಿಕ್‌ಗೆ ಜಾಸ್ತಿ ಅಂಟ್ಕೊಂಡು ಅಯಾನ್ ಸಲೀಸಾಗಿ ಓಡ್ತವೆ, ಆದ್ರೆ ಹಾಳೆ ನೀರು ಕುಡಿದು ಊದ್ಕೊಳ್ಳುತ್ತೆ, ಇನ್ನೂ ಮುಂದೆ ಹೋದ್ರೆ ಬಿಸಿನೀರಲ್ಲಿ ಲೋಳೆಯಾಗಿ ಕರಗೇ ಹೋಗುತ್ತೆ. ಕಮ್ಮಿ ಬಿಟ್ರೆ ಗಟ್ಟಿಯಾಗಿರುತ್ತೆ, ಅಯಾನ್ ದಾಟಲ್ಲ. ನಂಬರ್ ಚೆನ್ನಾಗಿ ಕಾಣ್ಲಿ ಅಂತ ಬರೀ ಕಂಡಕ್ಟಿವಿಟಿ (ಅಯಾನ್ ಎಷ್ಟು ಸಲೀಸಾಗಿ ಓಡ್ತವೆ ಅನ್ನೋ ಅಳತೆ) ಹಿಂದೆ ಓಡೋದು ನನಗಂತೂ ಸರಿ ಕಾಣಲ್ಲ, ಹಳ್ಳಿಯ ಘಟಕದಲ್ಲಿ ವರ್ಷಗಟ್ಟಲೆ ಹರಿಯದೆ ಉಳಿಯೋ ಹಾಳೆ ಬೇಕು.

ಈ ಪೀಕ್ ಹಾಳೆ ಸೋಡಿಯಂ, ಕ್ಯಾಲ್ಸಿಯಂ ಥರದ ಪ್ಲಸ್ ಅಯಾನ್ ದಾಟಿಸೋ ಹಾಳೆ. ಫ್ಲೋರೈಡ್ ಮೈನಸ್, ಅದಕ್ಕೆ ಅಮೋನಿಯಂ ಗುಂಪಿರೋ ಇನ್ನೊಂದು ಹಾಳೆ ಜೊತೆಗೆ ಬೇಕೇ ಬೇಕು. ಫ್ಲೋರೈಡ್ ತನ್ನ ಸುತ್ತ ನೀರಿನ ಅಣುಗಳನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ, ಅದಕ್ಕೇ ಕ್ಲೋರೈಡ್ ಮುಂದೆ ಹೋದ್ರೂ ಇದು ಹಿಂದೆ ಬೀಳುತ್ತೆ. ಪಾವಗಡದಲ್ಲೇ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಪ್ಯಾನೆಲ್‌ನಿಂದ ಬರೋದೂ ಡಿಸಿಯೇ, ಕರೆಂಟಿಗೆ ಬರ ಇಲ್ಲ. ಫ್ಲೋರೈಡನ್ನ ಬೇಗ ಬಿಡೋ ಎರಡನೇ ಹಾಳೆ ಮಾಡೋದ್ರಲ್ಲೇ ಈಗ ಮುಳುಗಿದೀನಿ.