ಕರ್ನಲ್ ಸೆಟ್ಟಿಂಗ್‌ಗಳ ಪರ್ಮಿಷನ್ ಬಿಗಿ ಮಾಡುವ ಕೆಲಸ: ಎಲ್ಲಿಗೆ ಬಂತು

ಲಿನಕ್ಸ್ ಸರ್ವರ್‌ನಲ್ಲಿ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸೆಟ್ಟಿಂಗ್‌ಗಳನ್ನು ಬಿಗಿ ಮಾಡುವ ಕೆಲಸದ ಸುಲಭದ ಭಾಗ ಮುಗಿದಿದೆ. ಡಿಮೆಸೇಜ್_ರಿಸ್ಟ್ರಿಕ್ಟ್ 1, ಕೆಪಿಟಿಆರ್_ರಿಸ್ಟ್ರಿಕ್ಟ್ 2, ಯಾಮಾ ಅನ್ನುವ ಭದ್ರತಾ ಭಾಗದ ಪಿಟ್ರೇಸ್_ಸ್ಕೋಪ್ 1 (ಒಂದು ಪ್ರೋಗ್ರಾಂ ಇನ್ನೊಂದರ ಒಳಗೆ ಇಣುಕುವುದಕ್ಕೆ ಮಿತಿ). ಮೂರನ್ನೂ ಬೂಟ್ ಆಗುವಾಗ ಓದಲಾಗುವ /ಇಟಿಸಿ/ಸಿಸ್‌ಸಿಟಿಎಲ್.ಡಿ ಫೋಲ್ಡರ್ ಒಳಗೆ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಕರ್ನಲ್ ಲಾಗ್ ಈಗ ಸಾಮಾನ್ಯ ಯೂಸರ್ ಕೈಗೆ ಸಿಗುವುದಿಲ್ಲ, ಕರ್ನಲ್ ಅಡ್ರೆಸ್ ಇರಬೇಕಾದ ಕಡೆ ಸೊನ್ನೆಗಳು ಕಾಣುತ್ತವೆ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಈ ಸಲ ಹಿಡಿದುಕೊಂಡ ಪ್ರಶ್ನೆ ಬೇರೆ. ಈ ಸೆಟ್ಟಿಂಗ್‌ಗಳನ್ನು ಬದಲಾಯಿಸಲು ಯಾರಿಗೆಲ್ಲ ಆಗುತ್ತದೆ?

ಈ ಸೆಟ್ಟಿಂಗ್‌ಗಳು ಫೈಲ್‌ಗಳಾಗಿ ಕಾಣುವ /ಪ್ರಾಕ್/ಸಿಸ್ ಒಳಗೆ ಎಲ್‌ಎಸ್ (ಪಟ್ಟಿ ತೋರಿಸುವ ಕಮಾಂಡ್) ಹೊಡೆದರೆ ಹೆಚ್ಚಿನ ಫೈಲ್‌ಗಳ ಮೋಡ್, ಅಂದರೆ ಪರ್ಮಿಷನ್, 644. ಎಲ್ಲರೂ ಓದಬಹುದು, ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಮಾತ್ರ ಬರೆಯಬಹುದು. ಅಲ್ಲಲ್ಲಿ ಬೇರೆಯವರು ಓದಲೂ ಆಗದ 600 ಕೂಡ ಇದೆ. ಇಷ್ಟು ನೋಡಿದರೆ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಬರೆಯಲು ಬಂದ ಪ್ರೊಸೆಸ್ಸನ್ನು ಕರ್ನಲ್ ಹೇಗೆ ತಪಾಸಣೆ ಮಾಡುತ್ತದೆ ಅಂತ ನೋಡಿದಾಗ ನನಗೆ ಸಮಾಧಾನ ಆಗಲಿಲ್ಲ. ರೂಟ್‌ಗಿರುವ ಅಧಿಕಾರವನ್ನು ಲಿನಕ್ಸ್ ಕೇಪಬಿಲಿಟಿಗಳಾಗಿ ಒಡೆದು ಇಟ್ಟಿದೆ: ಮೌಂಟ್ ಮಾಡಲು (ಫೈಲ್ ಸಿಸ್ಟಮ್ ಜೋಡಿಸಲು) ಒಂದು, ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ತುಣುಕು) ಲೋಡ್ ಮಾಡಲು ಇನ್ನೊಂದು, ಹೀಗೆ. ಅದಕ್ಕೇ ಒಂದು ಸರ್ವಿಸ್‌ನಿಂದ ಕೇಪಬಿಲಿಟಿಗಳನ್ನೆಲ್ಲ ಕಿತ್ತುಕೊಂಡರೆ, ಅದು ರೂಟ್ ಆಗಿ ಓಡಿದರೂ ಪರವಾಗಿಲ್ಲ ಅಂತ ತುಂಬ ಜನ ನಂಬುತ್ತಾರೆ. /ಪ್ರಾಕ್/ಸಿಸ್ ವಿಷಯದಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಅಲ್ಲಿನ ಹೆಚ್ಚಿನ ಫೈಲ್‌ಗಳಿಗೆ ಕರ್ನಲ್ ನೋಡುವುದು ಯುಐಡಿ (ಯೂಸರ್ ನಂಬರ್) 0, ಅಂದರೆ ರೂಟ್, ಹೌದೋ ಅಲ್ಲವೋ ಅಂತ ಮಾತ್ರ.

ವರ್ಚುವಲ್ ಮೆಷಿನ್ ಒಳಗೆ ಇದನ್ನು ಕಣ್ಣಾರೆ ನೋಡಬಹುದು. ಕ್ಯಾಪ್‌ಎಸ್‌ಎಚ್ ಕಮಾಂಡ್‌ಗೆ ಡ್ರಾಪ್ ಆಲ್ ಕೊಟ್ಟು, ಒಂದೂ ಕೇಪಬಿಲಿಟಿ ಇಲ್ಲದ ರೂಟ್ ಶೆಲ್ ತೆರೆದೆ. ಮೌಂಟ್ ಮಾಡಲು ಬಿಡಲಿಲ್ಲ. ಡಿಮೆಸೇಜ್_ರಿಸ್ಟ್ರಿಕ್ಟ್‌ಗೆ ಸೊನ್ನೆ ಬರೆಯಲು ಹೋದರೆ ಅದಕ್ಕೂ ಬಿಡಲಿಲ್ಲ, ಯಾಕೆಂದರೆ ಅದು ಮತ್ತು ಕೆಪಿಟಿಆರ್_ರಿಸ್ಟ್ರಿಕ್ಟ್ ಎರಡೂ ಸಿಸ್ ಅಡ್ಮಿನ್ ಕೇಪಬಿಲಿಟಿ (ಮೌಂಟ್ ಮಾಡಲು ಬೇಕಾದದ್ದೂ ಇದೇ) ಇದೆಯಾ ಅಂತ ಪ್ರತ್ಯೇಕವಾಗಿ ಕೇಳುತ್ತವೆ. ಆಮೇಲೆ ಕೋರ್_ಪ್ಯಾಟರ್ನ್‌ನಲ್ಲಿ ಮೊದಲೇ ಇದ್ದ ಸಾಲನ್ನೇ ಎಕೋ ಮಾಡಿ ತಿರುಗಿ ಬರೆದೆ. ಒಂದು ಎರರ್ ಕೂಡ ಇಲ್ಲದೆ ಒಳಗೆ ಹೋಯಿತು!

ಕೋರ್_ಪ್ಯಾಟರ್ನ್ ಅಂದರೆ ಸಣ್ಣ ವಿಷಯ ಅಲ್ಲ. ಆ ಸಾಲು ಪೈಪ್ ಚಿಹ್ನೆಯಿಂದ ಶುರುವಾದರೆ, ಮುಂದೆ ಯಾವುದಾದರೂ ಪ್ರೋಗ್ರಾಂ ಕ್ರ್ಯಾಶ್ ಆಗಿ ಕೋರ್ ಡಂಪ್ (ಅದರ ಮೆಮೊರಿಯ ನಕಲು) ಬೀಳುವಾಗ ಕರ್ನಲ್ ಅಲ್ಲಿ ಬರೆದ ಪ್ರೋಗ್ರಾಮನ್ನು ಪೂರ್ತಿ ರೂಟ್ ಅಧಿಕಾರದಲ್ಲಿ ಓಡಿಸುತ್ತದೆ. ಅಂದರೆ ಕೈಕಾಲು ಕಟ್ಟಿ ಕೂರಿಸಿದ್ದ ಸರ್ವಿಸ್ ಇಲ್ಲಿ ಒಂದು ಸಾಲು ಬರೆದು, ಬೇಕಂತಲೇ ಕ್ರ್ಯಾಶ್ ಆಗಿ, ಕಳೆದುಕೊಂಡ ಅಧಿಕಾರವನ್ನೆಲ್ಲ ವಾಪಸ್ ಪಡೆಯಬಹುದು. ಮಾಡ್ಯೂಲ್ ಲೋಡ್ ಮಾಡಲು ಕರ್ನಲ್ ಯಾವ ಪ್ರೋಗ್ರಾಂ ಓಡಿಸಬೇಕು ಅಂತ ಹೇಳುವ ಮಾಡ್‌ಪ್ರೋಬ್ ಸೆಟ್ಟಿಂಗ್‌ನ ಕಥೆಯೂ ಇದೇ. ಕಂಟೇನರ್‌ಗಳನ್ನು (ಪ್ರೋಗ್ರಾಂಗಳನ್ನು ಬೇರ್ಪಡಿಸಿ ಓಡಿಸುವ ಆವರಣಗಳು) ನಡೆಸುವ ಸಾಫ್ಟ್‌ವೇರ್ /ಪ್ರಾಕ್/ಸಿಸ್ ಅನ್ನು ರೀಡ್ ಓನ್ಲಿ ಮಾಡಿ ಕೊಡುವುದು ಸುಮ್ನೆ ಅಲ್ಲ, ಅದಕ್ಕೆ ಇದೇ ಕಾರಣ. ಯೂಸರ್ ನೇಮ್‌ಸ್ಪೇಸ್ (ಯೂಸರ್ ನಂಬರ್‌ಗಳಿಗೆ ಪ್ರತ್ಯೇಕ ಲೆಕ್ಕ ಇರುವ ಆವರಣ) ಒಳಗಿನ ರೂಟ್‌ಗೆ ಮಾತ್ರ ಈ ದಾರಿ ಸಿಗುವುದಿಲ್ಲ, ಹೊರಗಿನ ಲೆಕ್ಕದಲ್ಲಿ ಅದರ ಯುಐಡಿ 0 ಅಲ್ಲ.

ಹಾಗಾದರೆ ಫೈಲ್‌ಗೇ ಸಿಎಚ್‌ಮಾಡ್ 400 ಕೊಟ್ಟು ಬರೆಯುವ ಪರ್ಮಿಷನ್ನೇ ತೆಗೆದುಬಿಡೋಣ ಅಂದರೆ ಆಗುವುದಿಲ್ಲ. ಪೂರ್ತಿ ರೂಟ್ ಆಗಿದ್ದರೂ ಬರುವ ಉತ್ತರ "ಆಪರೇಷನ್ ನಾಟ್ ಪರ್ಮಿಟೆಡ್". ಈ ಮೋಡ್‌ಗಳು ಕರ್ನಲ್ ಕೋಡಿನಲ್ಲೇ ಬರೆದಿಟ್ಟವು. ಇನ್ನೊಂದು ಮಾತು. ಎಲ್ಲರೂ ಬರೆಯಬಹುದಾದ ಫೈಲ್ ಇದೆಯಾ ಅಂತ ಫೈಂಡ್ ಕೊಟ್ಟು ಹುಡುಕಿದಾಗ ಎನ್‌ಎಸ್_ಲಾಸ್ಟ್_ಪಿಐಡಿ 666 ಅಂತ ಸಿಕ್ಕಿತು. ನೋಡಿ ಗಾಬರಿ ಆಗಬೇಡಿ, ಅದರ ಹ್ಯಾಂಡ್ಲರ್ (ಬರೆದದ್ದನ್ನು ನಿಭಾಯಿಸುವ ಕರ್ನಲ್ ಕೋಡ್) ಒಳಗೆ ಕೇಪಬಿಲಿಟಿ ತಪಾಸಣೆ ಇದೆ. ಎಲ್‌ಎಸ್ ತೋರಿಸುವ ಮೋಡ್ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು.

ಆದ್ದರಿಂದ ಬಿಗಿ ಮಾಡಬೇಕಾದದ್ದು ಒಂದೊಂದು ಸರ್ವಿಸ್‌ನ ಮಟ್ಟದಲ್ಲಿ. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಪ್ರೊಟೆಕ್ಟ್‌ಕರ್ನಲ್‌ಟ್ಯೂನಬಲ್ಸ್=ಯೆಸ್ ಅಂತ ಒಂದು ಸಾಲು ಹಾಕಿದರೆ ಆ ಸರ್ವಿಸ್‌ನ ಕಣ್ಣಿಗೆ /ಪ್ರಾಕ್/ಸಿಸ್, /ಸಿಸ್, ಸಿಸ್‌ಆರ್‌ಕ್ಯೂ-ಟ್ರಿಗರ್ (ಕರ್ನಲ್‌ಗೆ ನೇರ ಆಜ್ಞೆ ಕೊಡುವ ಫೈಲ್) ಎಲ್ಲವೂ ರೀಡ್ ಓನ್ಲಿ. ಅದೇ ಕೋರ್_ಪ್ಯಾಟರ್ನ್‌ಗೆ ಈ ಸರ್ವಿಸ್ ಒಳಗಿಂದ ಬರೆಯಲು ಹೋದರೆ ಈಗ "ರೀಡ್-ಓನ್ಲಿ ಫೈಲ್ ಸಿಸ್ಟಮ್" ಅಂತ ಬರುತ್ತದೆ. ಈ ಸಾಲು ಒಂದೇ ಸಾಲದು. ಸರ್ವಿಸ್ ರೂಟ್ ಆಗಿದ್ದು ಮೌಂಟ್ ಮಾಡುವ ಅಧಿಕಾರ ಉಳಿಸಿಕೊಂಡಿದ್ದರೆ, ಅದು ರೀಮೌಂಟ್ ಮಾಡಿ ನಾವು ಮಾಡಿದ್ದನ್ನು ಕಳಚಿ ಹಾಕಬಹುದು. ಹಾಗಾಗಿ ಕೇಪಬಿಲಿಟಿ ಬೌಂಡಿಂಗ್ ಸೆಟ್‌ನಿಂದ (ಸರ್ವಿಸ್ ಪಡೆಯಬಹುದಾದ ಕೇಪಬಿಲಿಟಿಗಳ ಮಿತಿ) ಸಿಸ್ ಅಡ್ಮಿನ್ ತೆಗೆಯುವ ಸಾಲನ್ನೂ ಜೊತೆಗೇ ಹಾಕುತ್ತಿದ್ದೇನೆ. ಎರಡೂ ಸೇರಿದರೇ ಅರ್ಥ.

ವೆಬ್ ಸರ್ವರ್, ಡೇಟಾಬೇಸ್, ಬ್ಯಾಕಪ್ ಮೂರೂ ತಕರಾರಿಲ್ಲದೆ ಓಡುತ್ತಿವೆ. ವಿಪಿಎನ್ ಸರ್ವಿಸ್ ಮಾತ್ರ ಮೇಲೇಳಲಿಲ್ಲ, ಅದರ ಸ್ಟಾರ್ಟ್ ಸ್ಕ್ರಿಪ್ಟ್ ಐಪಿ_ಫಾರ್ವರ್ಡ್‌ಗೆ (ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಮುಂದಕ್ಕೆ ಕಳಿಸುವ ಸೆಟ್ಟಿಂಗ್) ತಾನೇ 1 ಬರೆಯುತ್ತಿತ್ತು. ಅದಕ್ಕಾಗಿ ಬಿಗಿಯನ್ನು ಸಡಿಲ ಮಾಡಲಿಲ್ಲ, ಆ ಸಾಲನ್ನು ಸ್ಕ್ರಿಪ್ಟ್‌ನಿಂದ ತೆಗೆದು ಸಿಸ್‌ಸಿಟಿಎಲ್.ಡಿಗೆ ಸಾಗಿಸಿದೆ. ಸೆಟ್ಟಿಂಗ್‌ಗಳೆಲ್ಲ ಬೂಟ್ ಆಗುವಾಗ ಒಂದೇ ಜಾಗದಿಂದ ಬರಬೇಕು, ಸಿಕ್ಕ ಸಿಕ್ಕ ಸ್ಕ್ರಿಪ್ಟ್ ಅವನ್ನು ಮುಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಉಳಿದಿರುವುದು ಹಿಂದಕ್ಕೆ ತಿರುಗಿಸಲಾಗದ ಸೆಟ್ಟಿಂಗ್‌ಗಳು. ಕೆಎಕ್ಸೆಕ್_ಲೋಡ್_ಡಿಸೇಬಲ್ಡ್ ಒಮ್ಮೆ 1 ಆದರೆ ರೀಬೂಟ್ ಆಗುವ ತನಕ ರೂಟ್ ಕೂಡ ಬದಲಾಯಿಸಲಾರ. ಇಲ್ಲಿ ಕೆಎಕ್ಸೆಕ್ (ಓಡುತ್ತಿರುವ ಕರ್ನಲ್‌ನಿಂದಲೇ ಇನ್ನೊಂದು ಕರ್ನಲ್‌ಗೆ ಹಾರುವುದು) ಬಳಸುವುದೇ ಇಲ್ಲ, ಅದನ್ನು ಇಂದೇ ಹಾಕುತ್ತೇನೆ. ಹೊಸ ಮಾಡ್ಯೂಲ್ ಲೋಡ್ ಆಗುವುದನ್ನು ತಡೆಯುವ ಮಾಡ್ಯೂಲ್ಸ್_ಡಿಸೇಬಲ್ಡ್ ಅಷ್ಟು ಸುಲಭ ಅಲ್ಲ. ಅದನ್ನು ಬೇಗ ಹಾಕಿದರೆ ಆಮೇಲೆ ಬೇಕಾಗುವ ಫೈರ್‌ವಾಲ್ ಮಾಡ್ಯೂಲ್ ಕೂಡ ಲೋಡ್ ಆಗುವುದಿಲ್ಲ. ಈಗ ಎಲ್‌ಎಸ್‌ಮಾಡ್ ತೋರಿಸುವ, ಲೋಡ್ ಆಗಿರುವ ಮಾಡ್ಯೂಲ್‌ಗಳ ಪಟ್ಟಿಯನ್ನು ಆಗಾಗ ತೆಗೆದಿಡುತ್ತಿದ್ದೇನೆ, ಪಟ್ಟಿ ಬದಲಾಗುವುದು ನಿಂತ ಮೇಲೆ ಬೂಟ್‌ನ ಕೊನೆಯಲ್ಲಿ ಓಡುವ ಒಂದು ಪ್ರತ್ಯೇಕ ಯೂನಿಟ್ ಬರೆದು ಅದನ್ನೂ ಮುಚ್ಚುತ್ತೇನೆ.